ಗಂಡಸರ ಮನೆಯ ಕಂಬಗಳು: ತೈವಾನಿನ ಪುಯುಮಾ ಹಳ್ಳಿಗಳಲ್ಲಿ ಮರದ ಕೆತ್ತನೆ

ತೈವಾನ್ ದ್ವೀಪದ ಆಗ್ನೇಯ ಕರಾವಳಿಯಲ್ಲಿ ತೈತುಂಗ್ ಎಂಬ ಬಯಲುಸೀಮೆಯಿದೆ. ಅಲ್ಲಿನ ಮೂಲನಿವಾಸಿಗಳಾದ ಪುಯುಮಾ ಜನರಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗಿ ನೆಲೆಸುವುದು ಹಿಂದಿನಿಂದ ಬಂದ ರೂಢಿ. ಮನೆ ಮತ್ತು ಹೊಲ ಸಾಮಾನ್ಯವಾಗಿ ಮಗಳಿಗೆ, ಅದರಲ್ಲೂ ಹಿರಿಯ ಮಗಳಿಗೆ ಸಲ್ಲುತ್ತಿದ್ದವು. ಹುಟ್ಟಿದ ಮನೆಯನ್ನು ಬಿಟ್ಟುಹೋಗಬೇಕಾದ, ಸೇರಿದ ಮನೆಯಲ್ಲಿ ಒಡೆತನವಿಲ್ಲದ ಗಂಡಸಿಗೆ ತನ್ನದೆನ್ನುವ ಸೂರು ಯಾವುದು? ಇದಕ್ಕೆ ಪುಯುಮಾ ಹಳ್ಳಿಗಳು ಕಂಡುಕೊಂಡ ಉತ್ತರ ಪಲಾಕುವನ್ ಎಂಬ ಕಟ್ಟಡ. ಮದುವೆಯಾಗದ ಯುವಕರು ರಾತ್ರಿ ಮಲಗುತ್ತಿದ್ದುದು ಅಲ್ಲಿ. ಹೆಂಡತಿಯನ್ನು ಕಳೆದುಕೊಂಡವರು ಮರಳಿ ಬಂದು ಸೇರುತ್ತಿದ್ದುದು ಅಲ್ಲಿ. ಬೇಟೆಯ, ಜಗಳದ, ಯುದ್ಧದ ಮಾತುಕತೆಗಳೆಲ್ಲ ನಡೆಯುತ್ತಿದ್ದುದೂ ಅಲ್ಲಿಯೇ. ಪುಯುಮಾ ಮರಗೆತ್ತನೆಯನ್ನು ಅರಿಯಬೇಕಾದರೆ ಮೊದಲು ಈ ಮನೆಯ ಹೊಸ್ತಿಲು ದಾಟಬೇಕು, ಏಕೆಂದರೆ ಕೆತ್ತಿದ ಕಂಬಕ್ಕೆ ಅರ್ಥ ಬರುವುದು ಅದು ಯಾರ ನಡುವೆ ನಿಂತಿದೆ ಎಂಬುದರಿಂದ.

ತೈವಾನ್ ಸರ್ಕಾರ ಇಂದು 16 ಮೂಲನಿವಾಸಿ ಜನಾಂಗಗಳನ್ನು ಅಧಿಕೃತವಾಗಿ ಗುರುತಿಸಿದೆ. ಅವುಗಳಲ್ಲಿ ಪುಯುಮಾ ಚಿಕ್ಕದು. ಒಟ್ಟು ಜನಸಂಖ್ಯೆ ಸುಮಾರು 15,000. ಅವರ ಭಾಷೆ ಆಸ್ಟ್ರೋನೇಷ್ಯನ್ ಕುಟುಂಬಕ್ಕೆ ಸೇರಿದೆ, ಅಂದರೆ ಫಿಲಿಪೀನ್ಸ್, ಇಂಡೋನೇಷ್ಯಾ, ಮಡಗಾಸ್ಕರ್, ಹವಾಯಿಗಳವರೆಗೆ ಹರಡಿರುವ ಭಾಷೆಗಳ ಬಂಧು. ಕನ್ನಡಿಗರಿಗೆ ಇದರಲ್ಲಿ ಒಂದು ಅನುಕೂಲವಿದೆ: ಆ ಭಾಷೆಯಲ್ಲಿ ನಮ್ಮ ತ ಮತ್ತು ಟ, ದ ಮತ್ತು ಡ ಬೇರೆ ಬೇರೆ ಧ್ವನಿಗಳು, ಆದ್ದರಿಂದ ರೋಮನ್ ಲಿಪಿಯಲ್ಲಿ ಎರಡಕ್ಷರ ಕೂಡಿಸಿ ಬರೆಯಬೇಕಾದುದನ್ನು ನಾವು ಒಂದೇ ಅಕ್ಷರದಲ್ಲಿ ಬರೆಯಬಹುದು. ಹಳೆಯ ದಾಖಲೆಗಳು ಇವರದು ಎಂಟು ಊರುಗಳೆಂದು ಹೇಳುತ್ತವೆ. ಈಗ ಸಾಮಾನ್ಯವಾಗಿ ಹತ್ತನ್ನು ಎಣಿಸುತ್ತಾರೆ. ಈ ಊರುಗಳು ಮೂಲಕಥೆಯ ಆಧಾರದ ಮೇಲೆ ಎರಡು ಪಂಗಡಗಳಾಗಿವೆ. ತಮ್ಮ ಪೂರ್ವಜರು ಬಿದಿರಿನಿಂದ ಹುಟ್ಟಿದರೆಂದು ಹೇಳುವವರು ಪುಯುಮಾ ಎಂಬ ಹೆಸರಿನದೇ ಊರಿನವರು, ಚೀನೀ ಭಾಷೆಯಲ್ಲಿ ನಾನ್‌ವಾಂಗ್; ಕಲ್ಲಿನಿಂದ ಹುಟ್ಟಿದರೆಂದು ಹೇಳುವವರಲ್ಲಿ ಮುಖ್ಯರು ಕಟಟಿಪುಲ್ ಊರಿನವರು. ಕಟಟಿಪುಲ್‌ನ ನೆರೆಯಲ್ಲಿರುವ ಕಸವಾಕನ್ ಎಂಬ ಹಳ್ಳಿ, ಚೀನೀ ಹೆಸರಿನಲ್ಲಿ ಚಿಯೆನ್‌ಹೋ, ಮರಗೆತ್ತನೆಗೆ ವಿಶೇಷವಾಗಿ ಹೆಸರಾಗಿದೆ. ಈ ಲೇಖನದ ಗಮನ ಹೆಚ್ಚಾಗಿ ಈ ದಕ್ಷಿಣದ ಊರುಗಳ ಕಡೆಗೇ ಇರುತ್ತದೆ.

ಪಲಾಕುವನ್‌ಗೆ ನೇರವಾಗಿ ಪ್ರವೇಶವಿರಲಿಲ್ಲ. ಸುಮಾರು ಹನ್ನೆರಡು, ಹದಿಮೂರರ ವಯಸ್ಸಿಗೆ ಹುಡುಗ ಟಕುಬನ್ ಎಂಬ ಹುಡುಗರ ಮನೆಗೆ ಸೇರುತ್ತಿದ್ದ. ಇದು ನೆಲದಿಂದ ಎತ್ತರಕ್ಕೆ ಬಿದಿರಿನ ಕಾಲುಗಳ ಮೇಲೆ ನಿಲ್ಲಿಸಿ, ಹುಲ್ಲು ಹೊದಿಸಿದ ಕಟ್ಟಡ. ಹತ್ತಲು ಏಣಿಯೊಂದೇ ದಾರಿ. ಅಲ್ಲಿ ಹಿರಿಯ ಹುಡುಗರ ಕೈಕೆಳಗೆ ಶಿಸ್ತು, ಧೈರ್ಯ, ಹಸಿವು ತಡೆಯುವುದು, ಆಜ್ಞೆ ಪಾಲಿಸುವುದು ಕಲಿಯಬೇಕಿತ್ತು. ಡಿಸೆಂಬರ್ ತಿಂಗಳಿನಲ್ಲಿ ಹುಡುಗರಿಗೆಂದು ನಡೆಯುವ ಕೋತಿಯ ವಿಧಿಯಲ್ಲಿ ಬಿದಿರಿನ ಈಟಿಯಿಂದ ಕೋತಿಯನ್ನು ಇರಿಯಬೇಕಿತ್ತು. ಇಂದು ಅದರ ಜಾಗದಲ್ಲಿ ಹುಲ್ಲಿನಿಂದ ಕಟ್ಟಿದ ಕೋತಿಯ ಗೊಂಬೆಯಿದೆ. ಇದನ್ನು ಮುಗಿಸಿದವನು ಮಿಯಬೆತನ್ ಎಂಬ ಮೆಟ್ಟಿಲಿಗೆ ಏರಿ ಪಲಾಕುವನ್ ಸೇರುತ್ತಿದ್ದ. ಅಲ್ಲಿ ಸುಮಾರು ಮೂರು ವರ್ಷ ಹಿರಿಯರ ಸೇವೆ. ಮೈಮೇಲೆ ಸೊಂಟದ ನೀಲಿ ಬಟ್ಟೆಯಷ್ಟೇ, ಹಾಡು ಕುಣಿತಗಳಿಗೆ ಅನುಮತಿಯಿಲ್ಲ. ಆ ಅವಧಿ ಮುಗಿದ ಮೇಲೆ ಗುರುವಿನ ಸ್ಥಾನದಲ್ಲಿರುವ ಹಿರಿಯನೊಬ್ಬ ಅವನಿಗೆ ಹೊಸ ಉಡುಪು ತೊಡಿಸಿದರೆ ಆತ ಬಂಗ್ಸರನ್, ಅಂದರೆ ಮದುವೆಗೆ ಅರ್ಹನಾದ ಗಂಡಸು. ವಯಸ್ಸಿನ ಈ ಮೆಟ್ಟಿಲುಗಳೇ ಪುಯುಮಾ ಸಮಾಜದ ಬೆನ್ನೆಲುಬು.

ನೆರೆಯವರ ಕೆತ್ತನೆಯ ಜೊತೆಗಿಟ್ಟು ನೋಡಿದರೆ ಈ ಮಾತಿನ ಮಹತ್ವ ತಿಳಿಯುತ್ತದೆ. ತೈವಾನಿನಲ್ಲಿ ಮರಗೆತ್ತನೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ದಕ್ಷಿಣದ ಬೆಟ್ಟಗಳ ಪೈವಾನ್ ಮತ್ತು ರುಕಾಯಿ ಜನ. ಅವರಲ್ಲಿ ಹುಟ್ಟಿನಿಂದ ಬರುವ ಒಡೆಯರ ವರ್ಗವಿದೆ, ಮತ್ತು ಕೆತ್ತನೆ ಆ ವರ್ಗದ ಹಕ್ಕು. ಒಡೆಯನ ಮನೆಯ ನಡುಗಂಬದಲ್ಲಿ ಪೂರ್ವಜನ ಆಕೃತಿ, ಸೂರಿನಂಚಿನ ಹಲಗೆಯ ಉದ್ದಕ್ಕೂ ಮನುಷ್ಯರ ತಲೆಗಳು, ಜಿಂಕೆಗಳು, ನೂರು ಹೆಜ್ಜೆಯ ಹಾವು. ಕಚ್ಚಿಸಿಕೊಂಡವನು ನೂರು ಹೆಜ್ಜೆ ಇಡುವಷ್ಟರಲ್ಲಿ ಸಾಯುತ್ತಾನೆಂಬ ನಂಬಿಕೆಯಿಂದ ಆ ವಿಷಸರ್ಪಕ್ಕೆ ಈ ಹೆಸರು. ಸಾಮಾನ್ಯ ಮನೆತನದವನು ಅದೇ ಹಾವನ್ನು ತನ್ನ ಬಾಗಿಲ ಮೇಲೆ ಕೆತ್ತಿಸುವಂತಿರಲಿಲ್ಲ. ಮಾನವಶಾಸ್ತ್ರಜ್ಞ ಚೆನ್ ಚೀ-ಲು 1961ರಲ್ಲಿ ಪೈವಾನ್ ಸಮೂಹದ ಮರಗೆತ್ತನೆಯ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ರುಕಾಯಿ, ಪೈವಾನ್, ಪುಯುಮಾ ಮೂವರನ್ನೂ ಒಂದೇ ಸಮೂಹವಾಗಿ ಪರಿಗಣಿಸಿದರು. ಆಕೃತಿಗಳಲ್ಲಿ ಹೋಲಿಕೆಯಿದೆ, ಊರುಗಳ ನಡುವೆ ಮದುವೆಯ ಸಂಬಂಧಗಳೂ ಇವೆ, ಆದ್ದರಿಂದ ಆ ವರ್ಗೀಕರಣಕ್ಕೆ ಆಧಾರವಿದೆ. ಆದರೆ ಅದನ್ನೇ ಹಿಡಿದು ಪುಯುಮಾ ಕೆತ್ತನೆಯನ್ನು ಪೈವಾನ್ ಕೆತ್ತನೆಯ ಬಡ ತಮ್ಮನೆಂದು ಬಗೆಯುವುದು ಸರಿಯಲ್ಲ ಎಂದು ನನ್ನ ಅನಿಸಿಕೆ.

ಪುಯುಮಾ ಸಮಾಜದಲ್ಲಿಯೂ ಮುಖ್ಯಸ್ಥ ಮನೆತನಗಳಿವೆ. ಕಟಟಿಪುಲ್‌ನಲ್ಲಿ ಮವಾಲಿವ್, ಪಕರುಕು, ರುವಾನಿಯಾವ್ ಎಂಬ ಮೂರು ಮನೆತನಗಳು. ಒಂದೊಂದಕ್ಕೂ ಕರುಮಾಅನ್ ಎಂಬ ಪೂರ್ವಜರ ಗುಡಿಮನೆ ಇದೆ, ಹೊಸ ನವಣೆಯ ಮೊದಲ ಅರ್ಪಣೆ ಅಲ್ಲಿ ನಡೆಯುತ್ತದೆ. ಆದರೆ ಪೈವಾನರಲ್ಲಿರುವಂತೆ ಇಡೀ ಊರನ್ನು ಒಡೆಯರು, ಸಾಮಾನ್ಯರು ಎಂದು ಎರಡಾಗಿ ಸೀಳುವ ಗೆರೆ ಇಲ್ಲಿ ಅಷ್ಟು ಗಾಢವಾಗಿಲ್ಲ. ಗಂಡಸಿನ ಸ್ಥಾನವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವನು ಹಾದುಬಂದ ವಯಸ್ಸಿನ ಮೆಟ್ಟಿಲು. ಹೀಗಾಗಿ ಪೈವಾನ್ ಕಂಬ ಒಂದು ಮನೆತನದ ಹಿರಿಮೆಯನ್ನು ಸಾರಿದರೆ, ಪುಯುಮಾ ಗಂಡಸರ ಮನೆಯ ಕಂಬ ಊರಿನ ಎಲ್ಲ ಗಂಡುಮಕ್ಕಳಿಗೂ ಸಮಾನವಾದ ಹಿರಿಯನಾಗುತ್ತದೆ. ಅದರ ಕೆಳಗೆ ಮಲಗುವ ಹುಡುಗರು ಬೇರೆ ಬೇರೆ ಮನೆಯವರು. ಅವರಿಗೆಲ್ಲ ಒಬ್ಬನೇ ಅಜ್ಜ ಎನ್ನುವುದನ್ನು ಆ ಮರ ಪ್ರತಿ ರಾತ್ರಿ ಹೇಳುತ್ತಿತ್ತು ಎಂದು ಊಹಿಸಿಕೊಂಡರೆ ಕೆತ್ತನೆಯ ಕೆಲಸ ಏನೆಂಬುದು ಹೊಳೆಯುತ್ತದೆ.

ಕಂಬದ ಹೊರಗೂ ಮರ ಆ ಜನರ ದಿನನಿತ್ಯದಲ್ಲಿ ತುಂಬಿಕೊಂಡಿತ್ತು. ನವಣೆ ಕುಟ್ಟುವ ಒರಳು ಮತ್ತು ಒನಕೆ, ಹಿಟ್ಟು ಬೇಯಿಸುವ ಮರದ ಪಾತ್ರೆ, ಸೌಟು, ಮರಿಗೆ, ಬೇಟೆಗಾರನ ಕತ್ತಿಯ ಒರೆ. ತೈವಾನಿನ ಮೂಲನಿವಾಸಿಗಳ ಕತ್ತಿಯ ಒರೆಯೊಂದು ಜಾಣತನದ ವಸ್ತು: ಒಂದೇ ಹಲಗೆಯನ್ನು ಕತ್ತಿಯ ಆಕಾರಕ್ಕೆ ತೋಡಿ, ಎದುರು ಭಾಗವನ್ನು ತೆರೆದೇ ಬಿಟ್ಟು, ಲೋಹದ ಪಟ್ಟಿ ಅಥವಾ ತಂತಿಯಿಂದ ಅಡ್ಡಕ್ಕೆ ಬಿಗಿದಿರುತ್ತಾರೆ. ಮಳೆಯಲ್ಲಿ ನೆನೆದ ಅಲಗು ಗಾಳಿಯಾಡಿ ಬೇಗ ಒಣಗುತ್ತದೆ, ರಕ್ತವೂ ಕೆಸರೂ ಒಳಗೆ ಕೂರುವುದಿಲ್ಲ. ಕೆತ್ತನೆಯ ಕೈ ಪಳಗುತ್ತಿದ್ದುದು ಇಂಥ ಕೆಲಸಗಳಲ್ಲಿ. ಕೆತ್ತುವುದೇ ಒಬ್ಬನ ಕಸುಬಾಗಿರಲಿಲ್ಲ. ಕಾಡಿಗೆ ಹೋಗುವ ಪ್ರತಿಯೊಬ್ಬನಿಗೂ ಕತ್ತಿ ಮತ್ತು ಮರದ ಪರಿಚಯ ಇರಲೇಬೇಕಿತ್ತು.

ದಿಮ್ಮಿಯಿಂದ ಮನುಷ್ಯಾಕೃತಿ ಹೊರಬರುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕೆತ್ತನೆಯ ಶೈಲಿಯೆಂದು ನಾವು ಕರೆಯುವ ಬಹಳಷ್ಟು ಸಂಗತಿಗಳು ಮರದ ಸ್ವಭಾವದಿಂದಲೇ ಬಂದವು. ತೈವಾನಿನ ಕಾಡಿನಲ್ಲಿ ಕೆತ್ತನೆಗೆ ಒದಗುವ ಮರಗಳಲ್ಲಿ ಕರ್ಪೂರದ ಮರ ಮುಖ್ಯವಾದುದು. ಅದರ ಎಣ್ಣೆಯ ವಾಸನೆಗೆ ಹುಳುಗಳು ಹತ್ತಿರ ಬರಲು ಹಿಂಜರಿಯುತ್ತವೆ, ಮತ್ತು ಉಳಿಗೆ ಅದು ಮೃದುವಾಗಿ ಬಗ್ಗುತ್ತದೆ. ಇದೇ ಮರದ ಚೂರುಗಳನ್ನು ಆವಿಗೆ ಹಿಡಿದು ಕರ್ಪೂರ ತೆಗೆಯುತ್ತಿದ್ದರು. ಜಪಾನಿನ ವಸಾಹತು ಸರ್ಕಾರ 1899ರಲ್ಲಿ ಆ ವ್ಯಾಪಾರವನ್ನು ಏಕಸ್ವಾಮ್ಯಕ್ಕೆ ತೆಗೆದುಕೊಂಡ ಮೇಲೆ ಪ್ರಪಂಚದ ನೈಸರ್ಗಿಕ ಕರ್ಪೂರದ ದೊಡ್ಡ ಪಾಲು ಈ ದ್ವೀಪದಿಂದಲೇ ಹೊರಡುತ್ತಿತ್ತು. ಇನ್ನೊಂದು ನಮ್ಮ ಸಂಪಿಗೆಯ ಹತ್ತಿರದ ಬಂಧುವಾದ, ಗಟ್ಟಿ ಚೇಗಿನ ಮರ. ಚೀನೀಯರು ಅದನ್ನು ಕಪ್ಪು ಹೃದಯದ ಕಲ್ಲು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ, ಬಡಿದು ನೋಡಿದವರಿಗೆ ಆ ಹೆಸರು ಅತಿಯೆನಿಸುವುದಿಲ್ಲ. ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಕೆಂಪು ಸೈಪ್ರಸ್ ಸಾವಿರಾರು ವರ್ಷ ಬಾಳುವ ಮರ, ನೇರ ಎಳೆ, ಸುವಾಸನೆ, ಕೊಳೆಯದ ಗುಣ ಎಲ್ಲವೂ ಅದರಲ್ಲಿವೆ.

ಕಡಿದ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ವರ್ಷದ ಬಳೆಗಳ ಸುತ್ತಳತೆಯ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹೊರಪದರ ಒಳಗಿನದಕ್ಕಿಂತ ಬೇಗ ಒಣಗುತ್ತದೆ ಕೂಡ. ಈ ಎಳೆದಾಟಕ್ಕೆ ದುಂಡನೆಯ ದಿಮ್ಮಿ ಎಲ್ಲಾದರೊಂದು ಕಡೆ ಸೀಳಲೇಬೇಕು; ಆ ಬಿರುಕು ತೊಗಟೆಯ ಕಡೆಯಿಂದ ತಿರುಳಿನತ್ತ ಓಡುತ್ತದೆ. ಅನುಭವಿ ಕೆತ್ತನೆಗಾರ ಬಿರುಕನ್ನು ತಪ್ಪಿಸಲು ಹೋಗುವುದಿಲ್ಲ, ಅದು ಎಲ್ಲಿ ಬರಬೇಕೆಂದು ತಾನೇ ಗೊತ್ತುಮಾಡುತ್ತಾನೆ. ಆಕೃತಿಯ ಬೆನ್ನಿಗೆ ಉದ್ದಕ್ಕೆ ಆಳವಾದ ತೋಡು ಕೊರೆದರೆ, ಅಥವಾ ಬೆನ್ನನ್ನೇ ತೋಡಿ ಟೊಳ್ಳು ಮಾಡಿದರೆ, ಮರದ ಬಿಗಿತ ಅಲ್ಲಿ ಸಡಿಲವಾಗಿ ಮುಖ ಉಳಿಯುತ್ತದೆ. ದಿಮ್ಮಿಯನ್ನು ಸೀಳಿ ಹಲಗೆ ಮಾಡಿಕೊಂಡು, ಮುಂಭಾಗದಲ್ಲಿ ಮಾತ್ರ ಉಬ್ಬುಕೆತ್ತನೆ ಮಾಡುವ ಹಳೆಯ ಪದ್ಧತಿಗೂ ಇದೇ ಲಾಭವಿತ್ತು: ತಿರುಳು ಬಿಟ್ಟುಹೋದ ಹಲಗೆ ಸೀಳುವುದು ಕಡಿಮೆ.

ಆಕೃತಿಯ ನಿಲುವಿಗೂ ಎಳೆಗೂ ಸಂಬಂಧವಿದೆ. ಈ ಪ್ರದೇಶದ ಹಳೆಯ ಪೂರ್ವಜರ ಆಕೃತಿಗಳು ನೇರ ಎದುರು ನೋಡುತ್ತವೆ, ಕೈಗಳು ಮೈಗೆ ಅಂಟಿಕೊಂಡು ಎದೆಯ ಮೇಲೆ ಮಡಚಿವೆ, ಕಾಲುಗಳು ಕಂಬದೊಳಗೇ ಇವೆ. ನೋಡುವವರಿಗೆ ಇದು ಗಾಂಭೀರ್ಯ. ಗಾಂಭೀರ್ಯ ನಿಜವೇ, ಅದರ ಜೊತೆಗೆ ಮರದ ಲೆಕ್ಕವೂ ಇದೆ: ಎಳೆ ಮೇಲಿಂದ ಕೆಳಕ್ಕೆ ಸಾಗುವ ದಿಮ್ಮಿಯಲ್ಲಿ ಕೈಯನ್ನು ಹೊರಕ್ಕೆ ಚಾಚಿ ಕೆತ್ತಿದರೆ ಆ ಕೈಯಲ್ಲಿ ಎಳೆ ಅಡ್ಡವಾಗಿ ತುಂಡುತುಂಡಾಗುತ್ತದೆ, ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಮೇಲಾಗಿ ಕಂಬ ಸೂರಿನ ಭಾರ ಹೊರಬೇಕು. ಅದರ ಒಡಲನ್ನು ಎಷ್ಟು ತೆಳುವಾಗಿಸಬಹುದೆಂಬುದಕ್ಕೆ ಮಿತಿಯಿದೆ. ಮೊದಲು ಬಾಚಿಯಿಂದ ಒರಟು ರೂಪ ಬಿಡಿಸಿ, ತಲೆ, ಭುಜ, ಸೊಂಟಗಳ ಅಳತೆ ನಿಂತ ಮೇಲೆ ಉಳಿ ಮತ್ತು ಕೊಡತಿಗಳಿಗೆ ಇಳಿಯುವುದು ಕ್ರಮ. ಈಗ ಒರಟು ಕೆಲಸ ಯಂತ್ರಗರಗಸದ ಪಾಲಾಗಿದೆ. ಹಳಬರಲ್ಲಿ ಕೆಲವರಿಗೆ ಇದು ಬೇಸರ ತಂದರೂ, ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿದ ಆ ಯಂತ್ರವಿಲ್ಲದಿದ್ದರೆ ಹೊಲಗದ್ದೆಯ ದುಡಿಮೆಯ ನಡುವೆ ಆಳೆತ್ತರದ ಆಕೃತಿಗಳನ್ನು ಕೆತ್ತಲು ಯಾರಿಗೂ ಬಿಡುವು ಸಿಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಇಷ್ಟೆಲ್ಲ ಇದ್ದ ಪರಂಪರೆ 20ನೆಯ ಶತಮಾನದಲ್ಲಿ ಹೆಚ್ಚುಕಡಿಮೆ ಮೌನವಾಯಿತು. 1895ರಿಂದ 1945ರವರೆಗಿನ ಜಪಾನಿ ಆಳ್ವಿಕೆಯಲ್ಲಿ ಶಾಲೆ, ಪೊಲೀಸ್ ಠಾಣೆ, ಹೊಸ ಬಡಾವಣೆಗಳು ಬಂದವು. ಹುಡುಗರಿಗೆ ಶಿಸ್ತು ಕಲಿಸುವ ಕೆಲಸವನ್ನು ಗಂಡಸರ ಮನೆಯಿಂದ ಕಿತ್ತುಕೊಂಡು ಸರ್ಕಾರದ ಸಂಘಗಳಿಗೆ ಒಪ್ಪಿಸಲಾಯಿತು. ಯುದ್ಧಾನಂತರದ ಸರ್ಕಾರ ಚೀನೀ ಹೆಸರುಗಳನ್ನೂ ಚೀನೀ ಭಾಷೆಯನ್ನೂ ಹೇರಿತು. ಬಹುಜನ ಕ್ರೈಸ್ತರಾದರು. 1960ರ ದಶಕದಿಂದ ಯುವಕರು ಕಟ್ಟಡ ಕೆಲಸಕ್ಕೆ, ಕಾರ್ಖಾನೆಗೆ, ಆಳಸಮುದ್ರದ ಮೀನುಗಾರಿಕೆಗೆ ಊರು ಬಿಟ್ಟರು. ಮಲಗುವ ಹುಡುಗರಿಲ್ಲದ ಮನೆ ಎಷ್ಟು ದಿನ ನಿಂತೀತು? ಮನೆ ಬಿದ್ದರೆ ಕಂಬಕ್ಕೆ ಜಾಗವಿಲ್ಲ, ಜಾಗವಿಲ್ಲದೆ ಹೊಸ ಕಂಬ ಕೆತ್ತುವ ಕಾರಣವಿಲ್ಲ. ಕೆತ್ತನೆ ನಿಂತದ್ದು ಕೈಗಳು ಮರೆತದ್ದಕ್ಕಿಂತ ಹೆಚ್ಚಾಗಿ, ಅದನ್ನು ಬೇಡುವ ಕಟ್ಟಡ ಇಲ್ಲವಾದದ್ದರಿಂದ.

ಇದೇ ಕಾಲದಲ್ಲಿ ದಕ್ಷಿಣದ ಬೆಟ್ಟಗಳ ಹಳೆಯ ಕಂಬಗಳು ವಸ್ತುಸಂಗ್ರಹಾಲಯಗಳನ್ನು ಸೇರಿದವು. ತೈಪೆಯ ಸಾಮ್ರಾಜ್ಯ ವಿಶ್ವವಿದ್ಯಾಲಯ 1928ರಲ್ಲಿ ಸ್ಥಾಪನೆಯಾದಾಗ ಅಲ್ಲಿ ಜನಾಂಗಶಾಸ್ತ್ರದ ವಿಭಾಗವೂ ಆರಂಭವಾಯಿತು. ಅದು ಕೂಡಿಹಾಕಿದ ಸಂಗ್ರಹ ಇಂದಿನ ರಾಷ್ಟ್ರೀಯ ತೈವಾನ್ ವಿಶ್ವವಿದ್ಯಾಲಯದಲ್ಲಿದೆ. ಪುಯುಮಾ ಜನರದಲ್ಲ, ನೆರೆಯ ಪೈವಾನರದಾದರೂ ಒಂದು ಘಟನೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕವಿಯಾಂಗನ್ ಎಂಬ ಪೈವಾನ್ ಊರಿನ ಮುಖ್ಯಸ್ಥ ಮನೆತನಕ್ಕೆ ಸೇರಿದ, ಮುವಾಕಾಯ್ ಎಂಬ ಪೂರ್ವಜೆಯ ಆಕೃತಿಯಿದ್ದ ಮನೆಗಂಬ ಆ ಸಂಗ್ರಹದಲ್ಲಿತ್ತು. 2015ರಲ್ಲಿ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸುವ ಹೊತ್ತಿಗೆ, ನಮ್ಮ ಹಿರಿಯಳು ಅಲ್ಲಿಯೇ ಉಳಿಯಬೇಕಾದರೆ ಸಂಬಂಧ ಸರಿಯಾಗಿ ಏರ್ಪಡಬೇಕು ಎಂದು ಊರಿನವರು ಹೇಳಿದರು. ವಿಶ್ವವಿದ್ಯಾಲಯ ಆ ಕಂಬವನ್ನು ವಿಧಿವತ್ತಾಗಿ ಮದುವೆ ಮಾಡಿಕೊಂಡಿತು. ಊರು ಮತ್ತು ವಿಶ್ವವಿದ್ಯಾಲಯ ಅಂದಿನಿಂದ ಬೀಗರು. ಆ ಜನರ ಕಣ್ಣಿನಲ್ಲಿ ಕೆತ್ತಿದ ಕಂಬ ವ್ಯಕ್ತಿಯನ್ನು ನೆನಪಿಸುವ ಚಿತ್ರ ಮಾತ್ರವಲ್ಲ, ಕುಟುಂಬದ ಸದಸ್ಯೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

1980ರ ದಶಕದ ಕೊನೆಯಿಂದ ಗಾಳಿ ಬದಲಾಯಿತು. 1987ರಲ್ಲಿ ಸೇನಾ ಕಾನೂನು ತೆರವಾಯಿತು. ಮೂಲನಿವಾಸಿಗಳ ಚಳವಳಿಯ ಒತ್ತಾಯಕ್ಕೆ ಮಣಿದು 1994ರಲ್ಲಿ ಸಂವಿಧಾನದಲ್ಲಿ ಅವರಿಗೆ ಅವರೇ ಬಯಸಿದ ಹೆಸರು ಬಂತು. ಮರುವರ್ಷ ಸ್ವಂತ ಭಾಷೆಯ ವ್ಯಕ್ತಿನಾಮಗಳನ್ನು ದಾಖಲೆಗಳಲ್ಲಿ ಬರೆಸಿಕೊಳ್ಳುವ ಅವಕಾಶ ದೊರೆಯಿತು. ಊರುಗಳಲ್ಲಿ ಗಂಡಸರ ಮನೆಗಳನ್ನು ಮತ್ತೆ ಕಟ್ಟತೊಡಗಿದರು, ನಿಂತುಹೋಗಿದ್ದ ವಿಧಿಗಳನ್ನು ಹಿರಿಯರ ನೆನಪಿನಿಂದ ಹೆಕ್ಕಿ ಮತ್ತೆ ನಡೆಸತೊಡಗಿದರು. ಮನೆ ಮರಳಿದೊಡನೆ ಕಂಬ ಬೇಕಾಯಿತು.

ಕಸವಾಕನ್ ಹಳ್ಳಿಯಲ್ಲಿ ಈ ಮರುಹುಟ್ಟಿಗೆ ಒಂದು ಮುಖವಿದೆ. ಹಳ್ಳಿಯ ಮುಖ್ಯಸ್ಥ ಹಾಗು, ಚೀನೀ ಹೆಸರಿನಲ್ಲಿ ಚೆನ್ ವೆನ್-ಶೆಂಗ್, ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೇಸಾಯ ಮಾಡಿಕೊಂಡಿದ್ದು, ನಡುವಯಸ್ಸಿನ ಹೊತ್ತಿಗೆ ತಾವಾಗಿಯೇ ಉಳಿ ಹಿಡಿದವರು. 1990ರ ದಶಕದ ಹೊತ್ತಿಗೆ ಅವರ ಹೆಸರು ತೈಪೆಯ ಕಲಾವಲಯದವರೆಗೂ ತಲುಪಿತ್ತು. ಅವರ ಕೆತ್ತನೆಯನ್ನು ಮೊದಲ ಬಾರಿಗೆ ನೋಡುವವರಿಗೆ ಒಂದು ಅಚ್ಚರಿ ಕಾದಿರುತ್ತದೆ: ಮಡಚಿದ ಕೈಗಳ, ಎದುರು ದಿಟ್ಟಿಸುವ ಪೂರ್ವಜನಿಗಿಂತ ಅಲ್ಲಿ ಹೆಚ್ಚಾಗಿ ಕಾಣುವುದು ಊರಿನ ಬದುಕು. ಬೇಟೆಗೆ ಹೊರಟವರು, ದುಡಿಯುವ ಹೆಂಗಸರು, ಕುಳಿತ ಮುದುಕರು, ಮುಖದ ಸುಕ್ಕು, ಬೆನ್ನಿನ ಬಾಗು, ಎಲ್ಲವೂ ನಿಜವಾದ ಮನುಷ್ಯರ ಹಾಗೆ.

ಇದನ್ನು ಪರಂಪರೆ ಎನ್ನಬಹುದೇ? ವಾಸ್ತವಕ್ಕೆ ಹತ್ತಿರವಾದ ಈ ಶೈಲಿ ಹಳೆಯ ಪುಯುಮಾ ಕಂಬಗಳಲ್ಲಿ ಇರಲಿಲ್ಲ, ಅದು ಹೊಸದು. ಆಕೃತಿಯ ಮಾದರಿಯನ್ನೇ ಪರಂಪರೆಯ ಅಳತೆಗೋಲು ಮಾಡಿಕೊಂಡವರು ಇದನ್ನು ಹೊರಗಿಡಬೇಕಾಗುತ್ತದೆ. ನನಗೆ ಆ ಅಳತೆಗೋಲೇ ತಪ್ಪೆನಿಸುತ್ತದೆ. ಹಳೆಯ ಕಂಬದ ಕೆಲಸ ಏನಾಗಿತ್ತು? ಇಲ್ಲವಾದವನನ್ನು ಊರಿನ ನಡುವೆ ಮತ್ತೆ ನಿಲ್ಲಿಸುವುದು, ಹುಡುಗರು ಬೆಳೆಯುವಾಗ ಅವನು ನೋಡುತ್ತಿರುವಂತೆ ಮಾಡುವುದು. 20ನೆಯ ಶತಮಾನದ ಕೊನೆಗೆ ಊರಿನಿಂದ ಮರೆಯಾಗುತ್ತಿದ್ದವರಲ್ಲಿ ಬೇಟೆಗಾರ ಇದ್ದ, ನವಣೆ ಬೆಳೆಯುವವಳು ಇದ್ದಳು, ಹಳೆಯ ಬಟ್ಟೆ ತೊಟ್ಟು ಹಳೆಯ ಮಾತನಾಡುವ ಮುದುಕರಿದ್ದರು. ಅವರನ್ನು ಆಳೆತ್ತರಕ್ಕೆ, ಗುರುತು ಸಿಗುವ ಹಾಗೆ ಕೆತ್ತಿ ನಿಲ್ಲಿಸಿದ ಮುಖ್ಯಸ್ಥ ಹಳೆಯ ಕೆಲಸವನ್ನೇ ಮುಂದುವರಿಸಿದರು. ಬದಲಾದದ್ದು ನೆನಪಿಡಬೇಕಾದವರ ಪಟ್ಟಿ. ಪೂರ್ವಜನಿಗೆ ಮುಖಲಕ್ಷಣ ಬೇಕಿರಲಿಲ್ಲ, ಅವನು ಎಲ್ಲರ ಅಜ್ಜ. ಪಕ್ಕದ ಮನೆಯ ಅಜ್ಜಿಗೆ ಅವಳದೇ ಮುಖ ಬೇಕು.

ಕೆತ್ತನೆಯ ಮರುಹುಟ್ಟಿಗೆ ಇನ್ನೊಂದು ದೊಡ್ಡ ಪ್ರಶ್ನೆ ಎದುರಾಯಿತು: ಮರ ಎಲ್ಲಿಂದ ತರುವುದು? ಪೂರ್ವಜರ ಕಾಡೆಲ್ಲ ವಸಾಹತು ಕಾಲದಲ್ಲೇ ಸರ್ಕಾರದ ಆಸ್ತಿಯಾಗಿತ್ತು. ದಶಕಗಟ್ಟಲೆ ಸೈಪ್ರಸ್ ಕಾಡುಗಳನ್ನು ಕಡಿದು ಸಾಗಿಸಿದ ಸರ್ಕಾರವೇ 1990ರ ದಶಕದ ಆರಂಭದಲ್ಲಿ ನೈಸರ್ಗಿಕ ಕಾಡಿನ ಕಡಿತವನ್ನು ನಿಲ್ಲಿಸಿತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಆದರೆ ಒಂದು ಕಂಬಕ್ಕಾಗಿ ಒಂದು ಮರ ಕಡಿಯುವ ಹಳ್ಳಿಗನೂ ಮರಗಳ್ಳನ ಸಾಲಿಗೆ ಸೇರಿಹೋದ. 2004ರಲ್ಲಿ ಅರಣ್ಯ ಕಾಯ್ದೆಯ 15ನೆಯ ಕಲಮಿಗೆ ತಿದ್ದುಪಡಿ ಬಂದು, ತಮ್ಮ ಸಾಂಪ್ರದಾಯಿಕ ನೆಲದ ಕಾಡಿನಿಂದ ಜೀವನರೂಢಿಗೆ ಬೇಕಾದುದನ್ನು ಮೂಲನಿವಾಸಿಗಳು ಪಡೆಯಬಹುದೆಂದು ಒಪ್ಪಿದರೂ, ಅದನ್ನು ಜಾರಿಗೆ ತರುವ ವಿವರವಾದ ನಿಯಮಗಳು ಹೊರಬಂದದ್ದು 2019ರಲ್ಲಿ. ಒಂದು ಹಕ್ಕು ಕಾಗದದಿಂದ ಕಾಡಿಗೆ ನಡೆದುಬರಲು ಹದಿನೈದು ವರ್ಷ.

ಈ ನಡುವೆ ಕೆತ್ತನೆಗಾರರನ್ನು ಪೊರೆದದ್ದು ನದಿ ಮತ್ತು ಸಮುದ್ರ. ತೈವಾನಿನ ಪೂರ್ವದ ನದಿಗಳು ಕಡಿದಾದ ಪರ್ವತಗಳಿಂದ ಅತಿ ಕಡಿಮೆ ದೂರದಲ್ಲಿ ಸಮುದ್ರ ಸೇರುತ್ತವೆ. ತೈಫೂನ್ ಬಂದಾಗ ಬೆಟ್ಟದ ಇಳಿಜಾರು ಜರಿದು, ಬೇರುಸಹಿತ ಮರಗಳು ಪ್ರವಾಹದಲ್ಲಿ ಉರುಳಿ, ಕೆಲವು ದಿನಗಳ ಮೇಲೆ ಕಡಲ ತೀರದಲ್ಲಿ ರಾಶಿ ಬೀಳುತ್ತವೆ. ಅದೇ 15ನೆಯ ಕಲಮಿನ ಪ್ರಕಾರ, ಪ್ರಕೃತಿ ವಿಕೋಪದಿಂದ ಸರ್ಕಾರಿ ಕಾಡಿನಾಚೆಗೆ ತೇಲಿಬಂದ ಮರವನ್ನು ಸ್ಥಳೀಯ ಆಡಳಿತ ಒಂದು ತಿಂಗಳೊಳಗೆ ತೆರವು ಮಾಡಿ ಗುರುತು ಹಾಕಬೇಕು. ಆ ಅವಧಿಯಲ್ಲಿ ಅದು ಮುಗಿಯದಿದ್ದರೆ ಸ್ಥಳೀಯರು ಆಯ್ದುಕೊಳ್ಳಬಹುದು. 2009ರ ಆಗಸ್ಟಿನಲ್ಲಿ ಅಪ್ಪಳಿಸಿದ ಮೊರಾಕೊಟ್ ತೈಫೂನ್ ದಕ್ಷಿಣದ ಬೆಟ್ಟಗಳಲ್ಲಿ ಕೆಲವೇ ದಿನಗಳಲ್ಲಿ 2,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿತು. ಸುಮಾರು 700 ಮಂದಿ ಸತ್ತರು ಅಥವಾ ಕಾಣೆಯಾದರು. ಕಟಟಿಪುಲ್ ಪಕ್ಕದ ನದಿಯ ದಂಡೆ ಕುಸಿದು, ಆರು ಅಂತಸ್ತಿನ ಹೋಟೆಲೊಂದು ಇಡಿಯಾಗಿ ನೀರಿಗೆ ಉರುಳಿದ ದೃಶ್ಯವನ್ನು ಆಗ ಪ್ರಪಂಚವೆಲ್ಲ ನೋಡಿತ್ತು. ನೀರು ಇಳಿದಾಗ ತೈತುಂಗ್‌ನ ಕಡಲತೀರ ಕಣ್ಣು ಹಾಯುವಷ್ಟು ದೂರ ದಿಮ್ಮಿಗಳಿಂದ ಮುಚ್ಚಿಹೋಗಿತ್ತು. ಈ ಪ್ರದೇಶದ ಕೆತ್ತನೆಗಾರರು ಕೊಚ್ಚಿಬಂದ ಮರದ ಬಗ್ಗೆ ಮಾತನಾಡುವಾಗ ಸಂತೋಷ ಮತ್ತು ದುಃಖ ಒಟ್ಟಿಗೇ ಇರುವುದು ಸಹಜ: ಆ ಮರ ಅವರಿಗೆ ದಕ್ಕಿದ್ದು ಯಾರದೋ ಬೆಟ್ಟ ಜರಿದದ್ದರಿಂದ.

ತೇಲಿಬಂದ ಮರ ಕೆತ್ತುವವನ ಮೇಲೆ ತನ್ನದೇ ಷರತ್ತು ಹೇರುತ್ತದೆ. ತೊಗಟೆಯೂ ಮೆದುವಾದ ಹೊರಪದರವೂ ಬಂಡೆಗಳಿಗೆ ಉಜ್ಜಿ ಹೋಗಿರುತ್ತವೆ, ಚೇಗು ಮಾತ್ರ ಉಳಿದಿರುತ್ತದೆ. ಬಿರುಕುಗಳಲ್ಲಿ ಮರಳೂ ಕಲ್ಲಿನ ಚೂರೂ ಹೊಕ್ಕು ಕುಳಿತು ಉಳಿಯ ಬಾಯನ್ನು ಹಾಳುಮಾಡುತ್ತವೆ, ಆದ್ದರಿಂದ ಮೊದಲು ಬಡಿದು, ತೊಳೆದು, ಕೆರೆದು ನೋಡಬೇಕು. ದಿಮ್ಮಿ ನೇರವಾಗಿರುವುದು ಅಪರೂಪ. ತಿರುಚಿದ ಬೇರು, ಮುರಿದ ಕವಲು, ಟೊಳ್ಳು. ಆದ್ದರಿಂದ ಮೊದಲೇ ಯೋಚಿಸಿಟ್ಟ ಆಕೃತಿಯನ್ನು ಅದರ ಮೇಲೆ ಹೇರುವುದಕ್ಕಿಂತ, ಮರದ ಬಾಗಿನಲ್ಲಿ ಯಾವ ಮೈ ಅಡಗಿದೆಯೆಂದು ಹುಡುಕುವ ಅಭ್ಯಾಸ ಬೆಳೆಯಿತು. 2002ರಲ್ಲಿ ತೈತುಂಗ್‌ನ ಚಿನ್‌ತ್ಸುನ್ ಕಡಲತೀರದಲ್ಲಿ ಬೇರೆ ಬೇರೆ ಜನಾಂಗಗಳ ಕಲಾವಿದರ ಗುಂಪೊಂದು ತಿಂಗಳುಗಟ್ಟಲೆ ಗುಡಿಸಲು ಹಾಕಿಕೊಂಡು, ತೇಲಿಬಂದ ಮರದಲ್ಲಿಯೇ ಕೆಲಸ ಮಾಡಿತು. ಅವರನ್ನು ಪ್ರಜ್ಞೆಯ ಬುಡಕಟ್ಟು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಕಟಟಿಪುಲ್‌ನ ಇಮಿಂಗ್ ಮವಾಲಿವ್ ಆ ಗುಂಪಿನಿಂದ ಬಂದ ಪುಯುಮಾ ಶಿಲ್ಪಿ. ಅವರ ಆಕೃತಿಗಳು ಮನುಷ್ಯನ ರೂಪವನ್ನೇ ಬಿಟ್ಟು ಅಲೆ, ಗಾಳಿ, ಬಾಗುಗಳ ಕಡೆ ಸರಿದಿವೆ. ಕಸವಾಕನ್‌ನ ಮುಖ್ಯಸ್ಥರ ದಾರಿಗೂ ಇದಕ್ಕೂ ಬಹಳ ಅಂತರವಿದೆ, ಎರಡೂ ಕೆಲವೇ ಕಿಲೋಮೀಟರುಗಳ ಅಂತರದ ಊರುಗಳಿಂದ ಬಂದವು.

ಹೊರಗಿನ ಬೇಡಿಕೆ ಹೆಚ್ಚಿದಂತೆ ಒಡೆತನದ ಪ್ರಶ್ನೆಯೂ ಎದ್ದಿತು. ಅಂಗಡಿಯ ಬಾಗಿಲಿಗೆ, ರಸ್ತೆಬದಿಯ ಕಂಬಕ್ಕೆ, ರೈಲು ನಿಲ್ದಾಣದ ಗೋಡೆಗೆ ಮೂಲನಿವಾಸಿ ಆಕೃತಿ ಬೇಕೆಂದವರು ಸಾಮಾನ್ಯವಾಗಿ ನೂರು ಹೆಜ್ಜೆಯ ಹಾವನ್ನೇ ಕೇಳುತ್ತಾರೆ, ಅದು ಯಾರ ಹಾವು ಎಂದು ಕೇಳುವುದಿಲ್ಲ. ಸಾಮಾನ್ಯ ಕೃತಿಸ್ವಾಮ್ಯ ಕಾನೂನು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಅದಕ್ಕೆ ಒಬ್ಬ ಕರ್ತೃ ಬೇಕು, ಹೊಸತನ ಬೇಕು, ಮತ್ತು ಕರ್ತೃ ಸತ್ತ ಮೇಲೆ ನಿರ್ದಿಷ್ಟ ವರ್ಷಗಳಲ್ಲಿ ಅದು ಮುಗಿದುಹೋಗುತ್ತದೆ. ತಲೆಮಾರುಗಳಿಂದ ಬಂದ ಆಕೃತಿಗೆ ಕರ್ತೃವೂ ಇಲ್ಲ, ಹುಟ್ಟಿದ ದಿನಾಂಕವೂ ಇಲ್ಲ. ತೈವಾನ್ 2007ರ ಡಿಸೆಂಬರಿನಲ್ಲಿ ಇದಕ್ಕಾಗಿಯೇ ಬೇರೆ ಕಾಯ್ದೆ ಮಾಡಿತು. ಅದರಡಿ ಹಾಡು, ಕುಣಿತ, ನೇಯ್ಗೆಯ ವಿನ್ಯಾಸ, ಕೆತ್ತನೆ ಮೊದಲಾದವುಗಳ ಹಕ್ಕನ್ನು ಒಂದು ಜನಾಂಗ ಅಥವಾ ಒಂದು ಊರು ಒಟ್ಟಾಗಿ ನೋಂದಾಯಿಸಿಕೊಳ್ಳಬಹುದು, ಮತ್ತು ಆ ರಕ್ಷಣೆಗೆ ಕಾಲಮಿತಿಯಿಲ್ಲ. ತೊಡಕು ಇನ್ನೂ ಇದೆ. ಮೂರು ಜನಾಂಗಗಳ ನಡುವೆ ಮದುವೆ, ವಲಸೆ, ವಿನಿಮಯಗಳಿಂದ ಓಡಾಡಿದ ಆಕೃತಿಯನ್ನು ಯಾವುದೋ ಒಂದು ಊರಿನ ಹೆಸರಿಗೆ ಬರೆಸಿದರೆ, ನಿನ್ನೆಯವರೆಗೆ ಅದನ್ನು ಕೆತ್ತುತ್ತಿದ್ದ ನೆರೆಯವನು ಇಂದು ಅನುಮತಿ ಬೇಡಬೇಕಾಗುತ್ತದೆ. ಹಳ್ಳಿಯ ದಿನನಿತ್ಯವನ್ನೇ ಕೆತ್ತುವ ಕಸವಾಕನ್‌ನ ದಾರಿ ಈ ಜಗಳದಿಂದ ಬಹಳಮಟ್ಟಿಗೆ ದೂರ ಉಳಿಯುತ್ತದೆ ಎನ್ನುವುದು ಗಮನಿಸಬೇಕಾದ ಸಂಗತಿ: ನವಣೆ ಕುಟ್ಟುವ ಹೆಂಗಸಿನ ಆಕೃತಿಯನ್ನು ಯಾವ ಮನೆತನವೂ ತನ್ನದೆಂದು ತಡೆಯುವಂತಿಲ್ಲ.

ಡಿಸೆಂಬರ್ ಕೊನೆಯಲ್ಲಿ ಮಂಗಯಾವ್ ಎಂಬ ದೊಡ್ಡ ಬೇಟೆಯ ವಿಧಿ ನಡೆಯುತ್ತದೆ. ಗಂಡಸರು ಕೆಲವು ದಿನ ಕಾಡಿನಲ್ಲಿದ್ದು ಮರಳುವಾಗ ಊರ ಹೊರಗೆ ಹೆಂಗಸರು ಹೂವಿನ ಹಾರ ಹಿಡಿದು ಕಾದಿರುತ್ತಾರೆ. ಆ ವರ್ಷ ಸಾವು ಕಂಡ ಮನೆಯವರ ಶೋಕವನ್ನು ಮುಗಿಸಿ, ಅವರನ್ನು ಮತ್ತೆ ಎಲ್ಲರ ನಡುವೆ ಸೇರಿಸಿಕೊಳ್ಳುತ್ತಾರೆ. ಮೊಮ್ಮಕ್ಕಳು ತೈಪೆಯಿಂದ, ಕಾವೊಶಿಯುಂಗ್‌ನಿಂದ ರೈಲಿನಲ್ಲಿ ಬಂದಿರುತ್ತಾರೆ. 2013ರಿಂದ ಓಡುತ್ತಿರುವ ವೇಗದ ರೈಲಿಗೆ ಪುಯುಮಾ ಎಂದೇ ಹೆಸರಿಟ್ಟಿದ್ದಾರೆ. ಈಗಿನ ಹುಡುಗರು ವರ್ಷವಿಡೀ ಪಲಾಕುವನ್‌ನಲ್ಲಿ ಮಲಗುವುದಿಲ್ಲ, ಈ ಕೆಲವು ದಿನಗಳಷ್ಟೇ ಅಲ್ಲಿ ಸೇರುತ್ತಾರೆ.

ಆ ಮನೆಯ ಕಂಬಗಳು ತಂಪು ಯಂತ್ರದ ಕೋಣೆಯಲ್ಲಿಲ್ಲ. ತೈತುಂಗ್‌ನ ಮಳೆ, ಬಿಸಿಲು, ಕಡಲಿನ ಉಪ್ಪುಗಾಳಿ, ಗೆದ್ದಲು ಎಲ್ಲವೂ ಅವುಗಳ ಮೇಲೆ ಕೆಲಸ ಮಾಡುತ್ತವೆ. ಮರ ಮೊದಲು ಕೊಳೆಯುವುದು ನೆಲ ಮುಟ್ಟುವ ಜಾಗದಲ್ಲಿ, ತೇವ ಮತ್ತು ಗಾಳಿ ಎರಡೂ ಸಿಗುವ ಆ ಒಂದು ಗೇಣಿನಲ್ಲಿ. ಆದ್ದರಿಂದ ಬುಡವನ್ನು ಕಲ್ಲಿನ ಅಥವಾ ಸಿಮೆಂಟಿನ ಪೀಠದ ಮೇಲೆ ಎತ್ತಿ ನಿಲ್ಲಿಸಿದರೆ ಆಯಸ್ಸು ಬಹಳ ಹೆಚ್ಚುತ್ತದೆ, ವರ್ಷಕ್ಕೊಮ್ಮೆ ಎಣ್ಣೆ ಸವರಿದರೆ ಇನ್ನಷ್ಟು. ಅಷ್ಟಾದರೂ ಬಯಲಿನಲ್ಲಿ ನಿಂತ ಆಕೃತಿಯ ಮುಖ ಕೆಲವು ದಶಕಗಳಲ್ಲಿ ಬೂದಿಬಣ್ಣಕ್ಕೆ ತಿರುಗಿ, ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಆಗ ಅದನ್ನು ಇಳಿಸಿ ಸೂರಿನಡಿ ಒರಗಿಸಬೇಕು, ಅದೇ ಜಾಗಕ್ಕೆ ಹೊಸ ದಿಮ್ಮಿ ಹುಡುಕಬೇಕು, ಮತ್ತು ಆ ಊರಿನಲ್ಲಿ ಬಾಚಿ ಹಿಡಿಯಬಲ್ಲ ಯಾರಾದರೊಬ್ಬರು ಆ ಹೊತ್ತಿಗೆ ಇರಬೇಕು.